ಕೆರೆ ದಂಡೆಯಲ್ಲಿ ಡಿಸ್ಕ್ ಗಾಲ್ಫ್: ನೀರನ್ನು ಬಲಕ್ಕೆ ಇಟ್ಟುಕೊಂಡು ಶುರು ಮಾಡಿ

ಡಿಸ್ಕ್ ಗಾಲ್ಫ್ ಬಹಳ ಸರಳ ಆಟ. ಕೈಯಲ್ಲೊಂದು ಪ್ಲಾಸ್ಟಿಕ್ ಡಿಸ್ಕ್, ದೂರದಲ್ಲಿ ಸರಪಳಿ ಇಳಿಬಿಟ್ಟ ಕಬ್ಬಿಣದ ಬುಟ್ಟಿ. ಟೀ ಅಂತ ಗುರುತು ಮಾಡಿದ ಜಾಗದಿಂದ ಎಸೆಯಬೇಕು, ಡಿಸ್ಕ್ ಬಿದ್ದಲ್ಲಿಗೆ ನಡೆದು ಹೋಗಿ ಅಲ್ಲಿಂದ ಮತ್ತೆ ಎಸೆಯಬೇಕು, ಬುಟ್ಟಿಗೆ ಬೀಳುವ ತನಕ ಇದೇ ಕೆಲಸ. ಎಷ್ಟು ಎಸೆತ ಆಯಿತೋ ಅದೇ ನಿಮ್ಮ ಸ್ಕೋರು. ಕಡಿಮೆ ಇದ್ದವರು ಗೆದ್ದರು. ಒಂದು ಟೀಯಿಂದ ಅದರ ಬುಟ್ಟಿಯ ತನಕದ ಆಟಕ್ಕೆ ಒಂದು ಹೋಲ್ ಅನ್ನುತ್ತಾರೆ, ಇಂಥ 9 ಅಥವಾ 18 ಹೋಲ್ ಸೇರಿದರೆ ಒಂದು ಕೋರ್ಸ್.

ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯ ಪಾರ್ಕುಗಳಲ್ಲಿ ಇಂಥ ಬುಟ್ಟಿ ನೆಟ್ಟಿದ್ದನ್ನು ನೀವು ನೋಡಿರಲಿಕ್ಕಿಲ್ಲ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ನಿಮ್ಮೂರಿನ ಕೆರೆ ಯಾವುದೇ ಇರಲಿ, ಹುಲಿಕೆರೆಯೋ, ಗಿಣಿಗೇರಿ ಕೆರೆಯೋ, ರಾಯಚೂರಿನ ಮಾವಿನಕೆರೆಯೋ, ದಂಡೆಯ ಒಂದು ಬದಿಗಾದರೂ ಜನ ಕಡಿಮೆ ಇರುವ ಬಯಲು ಮತ್ತು ನಾಲ್ಕಾರು ಮರ ಇದ್ದರೆ ಆಟ ನಡೆಯುತ್ತದೆ. ಈ ಆಟ ಹುಟ್ಟಿದ್ದೂ ಹೀಗೇ. ಅಮೆರಿಕದಲ್ಲಿ ಮೊದಮೊದಲು ಜನ ಮರಕ್ಕೆ, ಕಂಬಕ್ಕೆ, ಕಸದ ಡಬ್ಬಿಗೆ ಗುರಿಯಿಟ್ಟು ಎಸೆಯುತ್ತಿದ್ದರು. ವ್ಹ್ಯಾಮ್-ಓ ಅನ್ನುವ ಆಟಿಕೆ ಕಂಪನಿಯಲ್ಲಿ ಫ್ರಿಸ್ಬೀಯನ್ನು, ಅಂದರೆ ಎಸೆದಾಡುವ ಪ್ಲಾಸ್ಟಿಕ್ ತಟ್ಟೆಯನ್ನು, ಸುಧಾರಿಸಿ 1967ರಲ್ಲಿ ಪೇಟೆಂಟ್ ಪಡೆದಿದ್ದ ಎಡ್ ಹೆಡ್ರಿಕ್ 1975ರಲ್ಲಿ ಕ್ಯಾಲಿಫೋರ್ನಿಯಾದ ಓಕ್ ಗ್ರೋವ್ ಪಾರ್ಕಿನಲ್ಲಿ ಮೊದಲ ಕಾಯಂ ಕೋರ್ಸ್ ಮಾಡಿದರು. ಅಲ್ಲೂ ಶುರುವಿಗೆ ಇದ್ದದ್ದು ಬರೀ ಕಂಬಗಳು. ಸರಪಳಿ ಬುಟ್ಟಿ ಅವರೇ ಮಾಡಿದ್ದು, ಅದು ಬಂದದ್ದು ಆಮೇಲೆ. 1976ರಲ್ಲಿ ಪಿಡಿಜಿಎ ಅನ್ನುವ ಆಟಗಾರರ ಸಂಘವನ್ನೂ ಅವರೇ ಕಟ್ಟಿದರು. ಇವತ್ತು ಜಗತ್ತಿನೆಲ್ಲೆಡೆ ಆಡುವುದು ಆ ಸಂಘದ ನಿಯಮದಂತೆಯೇ. 2002ರಲ್ಲಿ ಹೆಡ್ರಿಕ್ ತೀರಿಕೊಂಡಾಗ ಅವರ ಆಸೆಯಂತೆ ಚಿತಾಭಸ್ಮವನ್ನು ಪ್ಲಾಸ್ಟಿಕ್ಕಿಗೆ ಬೆರೆಸಿ ಡಿಸ್ಕ್ ಮಾಡಿದರು. ಹುಚ್ಚು ಅಂದರೆ ಅದು, ಅಲ್ವಾ?

ಹಾಗಾಗಿ ಮೊದಲ ವಾರ ಮರಕ್ಕೇ ಎಸೆಯಿರಿ. ಒಂದು ಬೇವಿನ ಮರದ ಬೊಡ್ಡೆಗೆ ಮೊಣಕಾಲಿನ ಎತ್ತರದಲ್ಲಿ ಒಂದು, ಎದೆಯ ಎತ್ತರದಲ್ಲಿ ಒಂದು ಬಟ್ಟೆ ಚಿಂದಿ ಕಟ್ಟಿ. ನಡುವೆ ಡಿಸ್ಕ್ ಬಡಿದರೆ ಹೋಲ್ ಮುಗಿಯಿತು ಅಂತ ಲೆಕ್ಕ. ಮೊಳೆ ಹೊಡೆಯಬೇಡಿ, ಬಣ್ಣ ಬಳಿಯಬೇಡಿ, ಆಟ ಮುಗಿದ ಮೇಲೆ ಚಿಂದಿ ಬಿಚ್ಚಿಕೊಂಡು ಹೋಗಿ. ಎಳೆ ಗಿಡಕ್ಕಂತೂ ಗುರಿ ಇಡಲೇಬೇಡಿ, ತೊಗಟೆ ಸುಲಿದು ಹೋಗುತ್ತದೆ.

ಆಟ ಹಿಡಿಸಿತು ಅಂದರೆ ವೆಲ್ಡಿಂಗ್ ಅಂಗಡಿಯಲ್ಲಿ ಒಂದು ಬುಟ್ಟಿ ಮಾಡಿಸಬಹುದು. ಹಳೆಯ ದೊಡ್ಡ ಸೈಕಲ್ಲಿನ ರಿಮ್ ಕೆಳಗೆ, ಹುಡುಗರ ಸಣ್ಣ ಸೈಕಲ್ಲಿನ ರಿಮ್ ಮೇಲೆ, ನಡುವೆ ಒಂದು ಪೈಪು. ಕೆಳಗಿನ ರಿಮ್ಮಿಗೆ ಜಾಲರಿ ಬೆಸೆದರೆ ಅದೇ ಬುಟ್ಟಿ, ಅದರ ಅಂಚು ನೆಲದಿಂದ ಸುಮಾರು 80 ಸೆಂಟಿಮೀಟರ್ ಎತ್ತರ ಇರಲಿ. ಮೇಲಿನ ರಿಮ್ಮಿನಿಂದ ಸರಪಳಿ ಇಳಿಬಿಡಿ, ಕೆಳಗೆ ಪೈಪಿನ ಹತ್ತಿರ ಎಲ್ಲವನ್ನೂ ಸೇರಿಸಿ ಕಟ್ಟಿ. ಸರಪಳಿಯನ್ನು ಬಿಗಿಯಾಗಿ ಎಳೆದು ಕಟ್ಟಿದರೆ ಡಿಸ್ಕ್ ಬಡಿದು ವಾಪಸ್ ಹಾರುತ್ತದೆ, ಸ್ವಲ್ಪ ಸಡಿಲ ಬಿಟ್ಟರೆ ಅದರ ರಭಸವನ್ನು ಸರಪಳಿ ನುಂಗಿಕೊಂಡು ಕೆಳಗೆ ಬೀಳಿಸುತ್ತದೆ. ಒಳಗೆ ಇನ್ನೊಂದು ಸುತ್ತು ಸರಪಳಿ ಹಾಕಿದರೆ ಇನ್ನೂ ಒಳ್ಳೆಯದು, ಹೊರಗಿನ ಸುತ್ತಿನ ಸಂದಿಯಲ್ಲಿ ತೂರಿ ಬಂದ ಡಿಸ್ಕನ್ನು ಅದು ಹಿಡಿಯುತ್ತದೆ. ಒಂದೇ ಬುಟ್ಟಿ ಇದ್ದರೂ ಚಿಂತೆಯಿಲ್ಲ. ಅದನ್ನು ಬಯಲಿನ ನಡುವೆ ಇಟ್ಟು ಸುತ್ತಲೂ ಬೇರೆ ಬೇರೆ ಕಡೆ ಟೀ ಮಾಡಿಕೊಂಡರೆ ಹೋಲ್ ಎಷ್ಟು ಬೇಕೋ ಅಷ್ಟು.

ಯಾವ ಡಿಸ್ಕ್ ತಗೋಬೇಕು

ಇಲ್ಲೇ ಬಹಳ ಜನ ದುಡ್ಡು ಕಳೆಯುವುದು. ಆಟಿಕೆ ಅಂಗಡಿಯ ತೆಳ್ಳಗಿನ ಫ್ರಿಸ್ಬೀ ಇದಕ್ಕೆ ಬರುವುದಿಲ್ಲ, ಸ್ವಲ್ಪ ಗಾಳಿ ಬೀಸಿದರೆ ಎಲ್ಲೋ ಹೋಗಿಬಿಡುತ್ತದೆ. ಗಾಲ್ಫ್ ಡಿಸ್ಕ್ ಅದಕ್ಕಿಂತ ಚಿಕ್ಕದು, ಅಗಲ ಸುಮಾರು 21 ಸೆಂಟಿಮೀಟರ್, ಆದರೆ ಕೈಗೆ ಗಟ್ಟಿ. ತೂಕ ಸಾಮಾನ್ಯವಾಗಿ 150ರಿಂದ 175 ಗ್ರಾಂ. ಊರಲ್ಲಿ ಸಿಗುವುದು ಕಷ್ಟ, ಆನ್‌ಲೈನ್‌ನಲ್ಲೇ ತರಿಸಬೇಕು.

ಡಿಸ್ಕಿನ ಮೇಲೆ ನಾಲ್ಕು ಅಂಕಿ ಬರೆದಿರುತ್ತಾರೆ. ಮೊದಲನೆಯದು ಸ್ಪೀಡ್, ಎರಡನೆಯದು ಗ್ಲೈಡ್, ಅಂದರೆ ಎಷ್ಟು ತೇಲುತ್ತದೆ ಅನ್ನುವುದು. ಮೂರನೆಯದು ಟರ್ನ್, ಕೊನೆಯದು ಫೇಡ್, ಅಂದರೆ ವೇಗ ಇರುವಾಗ ಮತ್ತು ವೇಗ ಇಳಿದಾಗ ಎಷ್ಟು ಪಕ್ಕಕ್ಕೆ ತಿರುಗುತ್ತದೆ ಅನ್ನುವುದು. ಸ್ಪೀಡ್ ನೋಡಿ ಮೋಸ ಹೋಗಬೇಡಿ. 12, 13 ಅಂತ ಬರೆದ ಡಿಸ್ಕ್ ದೂರ ಹೋಗುತ್ತದೆ ಅಂದುಕೊಂಡು ಎಲ್ಲರೂ ಮೊದಲು ಅದನ್ನೇ ಆರ್ಡರ್ ಮಾಡುತ್ತಾರೆ. ಆ ಅಂಕಿಯ ಅರ್ಥ, ಅದು ಸರಿಯಾಗಿ ಹಾರಬೇಕಾದರೆ ನೀವು ಅಷ್ಟು ಜೋರಾಗಿ ಎಸೆಯಬೇಕು ಅಂತ. ಹೊಸಬರ ಕೈಯಲ್ಲಿ ಅಷ್ಟು ವೇಗ ಇರುವುದಿಲ್ಲ, ಡಿಸ್ಕ್ ಎದ್ದ ಕೂಡಲೇ ಎಡಕ್ಕೆ ಮಗುಚಿ ಬೀಳುತ್ತದೆ. ಪಟ್ಟರ್ ಅಂತ ಒಂದು ಜಾತಿ ಇದೆ, ಸ್ಪೀಡ್ 2 ಅಥವಾ 3. ಇನೋವಾ ಕಂಪನಿಯ ಏವಿಯಾರ್ ಇದರಲ್ಲಿ ಹಳೆಯ ಹೆಸರು, ಅಂಕಿ 2, 3, 0, 1. ನಿಧಾನ ಎಸೆದರೂ ನೇರ ಹೋಗುತ್ತದೆ, ಬಿದ್ದಲ್ಲೇ ನಿಲ್ಲುತ್ತದೆ. ನನ್ನನ್ನು ಕೇಳಿದರೆ ಮೊದಲ ತಿಂಗಳು ಇದೊಂದೇ ಡಿಸ್ಕಿನಲ್ಲಿ ಇಡೀ ಕೋರ್ಸ್ ಆಡಿ. ಟೀಯಿಂದಲೂ ಅದೇ, ಬುಟ್ಟಿ ಹತ್ತಿರವೂ ಅದೇ. ಮೂರು ಡಿಸ್ಕಿನ ಸೆಟ್ಟೇ ತರಿಸುತ್ತೇವೆ ಅನ್ನುವವರು ಪಟ್ಟರ್ ಜೊತೆ ಒಂದು ಮಿಡ್‌ರೇಂಜ್, ಒಂದು ನಿಧಾನದ ಡ್ರೈವರ್ ಇರುವುದನ್ನು ನೋಡಿಕೊಳ್ಳಿ. ಡ್ರೈವರ್ ಅಂದರೆ ದೂರ ಎಸೆಯುವ ಡಿಸ್ಕ್, ಇನೋವಾದ ಲೆಪರ್ಡ್ ತರಹದ್ದು, ಸ್ಪೀಡ್ 6. ಮಿಡ್‌ರೇಂಜ್ ಅಂದರೆ ಪಟ್ಟರ್‌ಗೂ ಡ್ರೈವರ್‌ಗೂ ನಡುವಿನದು. ಅದಕ್ಕಿಂತ ಮೇಲೆ ಹೋಗಬೇಡಿ. ತೂಕವೂ ಕಡಿಮೆ ಇರಲಿ, 150ರಿಂದ 165 ಗ್ರಾಂ ಸಾಕು.

ಬಣ್ಣ ಕಿತ್ತಳೆ ಅಥವಾ ಗುಲಾಬಿ ತಗೊಳ್ಳಿ. ಹಸಿರು, ಕಂದು, ಬಿಳಿ ಬೇಡ. ಒಣಹುಲ್ಲಿನಲ್ಲಿ ಬಿಳಿ ಡಿಸ್ಕ್ ಹುಡುಕುವುದು ದೊಡ್ಡ ತಲೆನೋವು.

ಕೆರೆ ಬಲಕ್ಕೆ ಯಾಕೆ

ಈ ಆಟದಲ್ಲಿ ಒಂದು ವಿಷಯ ತಿಳಿದುಕೊಂಡರೆ ಅರ್ಧ ಆಟ ಬಂದ ಹಾಗೆ. ಬಲಗೈಯವರು ಬ್ಯಾಕ್‌ಹ್ಯಾಂಡ್‌ನಲ್ಲಿ, ಅಂದರೆ ಎದೆಯ ಮುಂದಿನಿಂದ ಎಡದಿಂದ ಬಲಕ್ಕೆ ಎಳೆದು ಎಸೆದರೆ, ಡಿಸ್ಕ್ ಮೇಲಿನಿಂದ ನೋಡಿದಾಗ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ತಿರುಗುತ್ತದೆ. ವೇಗ ಇರುವ ತನಕ ನೇರ, ಕೆಲವು ಸಲ ಸ್ವಲ್ಪ ಬಲಕ್ಕೆ. ವೇಗ ಇಳಿದಾಗ ಎಡಕ್ಕೆ ವಾಲಿ ನೆಲ ಮುಟ್ಟುತ್ತದೆ. ಅದಕ್ಕೇ ಫೇಡ್ ಅನ್ನುತ್ತಾರೆ. ನೀವು ಎಷ್ಟೇ ನೇರ ಎಸೆದರೂ ಕೊನೆಗೆ ಅದು ಎಡಕ್ಕೇ ಹೋಗುವುದು. ಎಡಗೈಯವರಿಗೆ ಎಲ್ಲ ತಿರುಗುಮುರುಗು.

ಅಂದ ಮೇಲೆ ನೀರು ಎಡಕ್ಕಿದ್ದರೆ ಏನಾಗುತ್ತದೆ? ಒಳ್ಳೆಯ ಎಸೆತವೂ ಕೆರೆಗೇ. ಗಾಲ್ಫ್ ಡಿಸ್ಕುಗಳಲ್ಲಿ ಹೆಚ್ಚಿನವು ಮುಳುಗುತ್ತವೆ, ತೇಲುವಂಥವು ಕೆಲವೇ ಕೆಲವು. ನೀರು ಬಲಕ್ಕಿದ್ದರೆ ಡಿಸ್ಕ್ ತಾನಾಗಿಯೇ ನೀರಿನಿಂದ ದೂರ ಸರಿಯುತ್ತದೆ. ಆದ್ದರಿಂದ ಕೋರ್ಸ್ ಹಾಕುವಾಗ ಕೆರೆಯನ್ನು ಪ್ರದಕ್ಷಿಣೆ ಹಾಕುವ ದಿಕ್ಕಿನಲ್ಲೇ ಹೋಲ್‌ಗಳು ಸಾಗಲಿ. ಗುಡಿ ಸುತ್ತುವಾಗ ದೇವರು ಬಲಕ್ಕಿರುತ್ತಾನೆ, ಇಲ್ಲಿ ಕೆರೆ. ಇಷ್ಟು ಮಾಡಿದರೆ ಸಾಕು, ಮೊದಲ ದಿನವೇ ಇದ್ದ ಒಂದೇ ಡಿಸ್ಕನ್ನು ಕೆರೆಗೆ ಕೊಟ್ಟು ಮನೆಗೆ ಹೋಗುವ ಪ್ರಸಂಗ ಬಹಳಷ್ಟು ತಪ್ಪುತ್ತದೆ.

ಹೋಲ್ ಎಷ್ಟು ಉದ್ದ ಇರಬೇಕು? ಹೊಸಬರಿಗೆ 40ರಿಂದ 60 ಮೀಟರ್. ಹೆಜ್ಜೆಯಲ್ಲಿ ಅಳೆದರೆ ನಡೆಯುತ್ತದೆ, ದೊಡ್ಡ ಹೆಜ್ಜೆ ಒಂದಕ್ಕೆ ಒಂದು ಮೀಟರ್ ಅಂತ ಹಿಡಿಯಿರಿ. ಮೊದಲ ಎರಡು ಹೋಲ್ ಬಯಲಿನಲ್ಲೇ ಇರಲಿ, ಕೈ ಬಿಸಿಯಾಗುವ ತನಕ ಮರವೂ ಬೇಡ, ನೀರೂ ಬೇಡ. ಮೂರನೆಯದರಲ್ಲಿ ಎಡಕ್ಕೊಂದು ಮರ ಬರಲಿ, ಅದರ ಬಲಗಡೆಯಿಂದ ಎಸೆದು ಡಿಸ್ಕನ್ನು ಮರದ ಹಿಂದಕ್ಕೆ ತಿರುಗಿಸುವ ಆಟ ಅಲ್ಲಿ ಕಲಿಯುತ್ತೀರಿ. ನಾಲ್ಕು, ಐದು ದಂಡೆಯ ಉದ್ದಕ್ಕೆ ಸಾಗಲಿ, ಆದರೆ ಬುಟ್ಟಿ ನೀರಿನಿಂದ ಕಡಿಮೆ ಅಂದರೂ 15 ಹೆಜ್ಜೆ ದೂರ ಇರಲಿ. ನೀರಿನ ಮೇಲಿಂದ ಎಸೆಯುವ ಹೋಲ್ ಫೋಟೋಗೆ ಚೆಂದ ಬರುತ್ತದೆ, ನಿಮಗೆ ಈಗ ಬೇಡ. ಉಳಿದದ್ದು ನಿಮ್ಮ ಜಾಗ ನೋಡಿ ಮಾಡಿಕೊಳ್ಳಿ. ಎಲ್ಲ ಹೋಲ್‌ಗೂ ಪಾರ್, ಅಂದರೆ ಮುಗಿಸಲು ಇಷ್ಟು ಎಸೆತ ಅನ್ನುವ ಲೆಕ್ಕ, 3 ಇಡಿ. ಒಂದು ಎಸೆತದಲ್ಲಿ ಹತ್ತಿರ, ಎರಡನೆಯದರಲ್ಲಿ ಇನ್ನೂ ಹತ್ತಿರ, ಮೂರನೆಯದು ಬುಟ್ಟಿಗೆ. ಒಂಬತ್ತಕ್ಕೆ 27.

ಈಗ ಗಾಳಿಯ ಲೆಕ್ಕ. ನಮ್ಮ ಕಡೆ ಇದನ್ನು ಬಿಟ್ಟು ಮಾತಾಡುವ ಹಾಗೇ ಇಲ್ಲ, ಕುಷ್ಟಗಿ ಯಲಬುರ್ಗಾ ಕಡೆ ಅಷ್ಟೊಂದು ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ. ಆಷಾಢದಲ್ಲಿ ಪಡುವಣ ಗಾಳಿ ದಿನವಿಡೀ ಬೀಸುತ್ತದೆ. ಎದುರು ಗಾಳಿಯಲ್ಲಿ ಡಿಸ್ಕಿಗೆ ತಾನು ಇನ್ನೂ ಜೋರಾಗಿ ಹೋಗುತ್ತಿದ್ದೇನೆ ಅನ್ನಿಸುತ್ತದೆ, ಹಾಗಾಗಿ ಮೇಲೆದ್ದು ಬಲಕ್ಕೆ ತಿರುಗುತ್ತದೆ. ಬೆನ್ನ ಹಿಂದಿನ ಗಾಳಿಯಲ್ಲಿ ಉಲ್ಟಾ, ಬೇಗ ಕೆಳಗಿಳಿದು ಎಡಕ್ಕೆ ಜಾಸ್ತಿ ವಾಲುತ್ತದೆ. ಕೆರೆಯನ್ನು ಬಲಕ್ಕಿಟ್ಟುಕೊಂಡು ಸುತ್ತಿದರೆ ದಕ್ಷಿಣದ ದಂಡೆಯಲ್ಲಿ ನೀವು ಪಶ್ಚಿಮಕ್ಕೆ ಮುಖ ಮಾಡಿರುತ್ತೀರಿ. ಗಾಳಿ ಎದುರಿಗೆ, ನೀರು ಬಲಕ್ಕೆ. ನಾನು ಮೇಲೆ ಹೇಳಿದ ಲೆಕ್ಕ ಅಲ್ಲಿ ಕೈಕೊಡುತ್ತದೆ, ಡಿಸ್ಕ್ ಎದ್ದು ತಿರುಗಿ ಸೀದಾ ನೀರಿಗೆ. ಜೂನ್‌ನಿಂದ ಆಗಸ್ಟ್ ತನಕ ಆ ಬದಿಯ ಹೋಲ್‌ಗಳನ್ನು ನೀರಿನಿಂದ ಇನ್ನಷ್ಟು ದೂರ ಒಯ್ಯಿರಿ, ಇಲ್ಲವೇ ಬಿಟ್ಟೇಬಿಡಿ. ಆಡಲೇಬೇಕು ಅಂದರೆ ಡಿಸ್ಕಿನ ಎಡ ಅಂಚು ಸ್ವಲ್ಪ ನೆಲದ ಕಡೆ ವಾಲುವಂತೆ ಹಿಡಿದು, ತಗ್ಗಾಗಿ, ಎಂದಿಗಿಂತ ಮೆಲ್ಲಗೆ ಎಸೆಯಿರಿ. ಈ ವಾಲಿಸಿದ ಎಸೆತಕ್ಕೆ ಹೈಜರ್ ಅನ್ನುತ್ತಾರೆ. ಹಿಡಿ ಹುಲ್ಲು ಕಿತ್ತು ಗಾಳಿಗೆ ತೂರಿ ನೋಡುವುದು ಹಳೆಯ ಉಪಾಯ, ಈಗಲೂ ಅದೇ ಸರಿ.

ಎಸೆಯುವುದು ಹೇಗೆ

ಬುಟ್ಟಿಗೆ ಎದೆ ಕೊಟ್ಟು ನಿಲ್ಲಬೇಡಿ, ಬಲ ಭುಜ ಕೊಟ್ಟು ಅಡ್ಡ ನಿಲ್ಲಿ. ಹೆಬ್ಬೆರಳು ಡಿಸ್ಕಿನ ಮೇಲೆ, ಉಳಿದ ಬೆರಳು ಕೆಳಗೆ. ಪಟ್ಟರ್‌ಗೆ ಬೆರಳುಗಳನ್ನು ಸ್ವಲ್ಪ ಅಗಲಿಸಿ ಹಿಡಿಯಿರಿ, ತೋರುಬೆರಳು ಅಂಚಿಗೆ ತಾಗಿರಲಿ. ಹಕ್ಕಿಮರಿ ಹಿಡಿದ ಹಾಗೆ ಅಂತ ಕೆಲವರು ಹೇಳುತ್ತಾರೆ, ಆ ಮಾತು ಕೇಳಿ ಸಡಿಲ ಹಿಡಿದರೆ ಡಿಸ್ಕ್ ಅರ್ಧ ದಾರಿಯಲ್ಲೇ ಕೈಜಾರಿ ಪಕ್ಕದವರ ಮೇಲೆ ಹೋಗುತ್ತದೆ. ಗಟ್ಟಿಯಾಗಿಯೇ ಹಿಡಿಯಿರಿ. ಭುಜ ಮಾತ್ರ ಸಡಿಲ ಇರಲಿ.

ಕೈ ಹಿಂದಕ್ಕೆ ಚಾಚಿ, ಎದೆಗೆ ತೀರ ಹತ್ತಿರದಲ್ಲಿ, ಒಂದೇ ಗೆರೆಯಲ್ಲಿ ಎಳೆಯಿರಿ. ಸೀಮೆಎಣ್ಣೆ ಪಂಪ್‌ಸೆಟ್ ಚಾಲೂ ಮಾಡಲು ಹಗ್ಗ ಎಳೆಯುವುದನ್ನು ಹೊಲದಲ್ಲಿ ನೋಡಿದ್ದೀರಲ್ಲ, ಅದೇ ಎಳೆತ. ಮೊದಲು ಮೊಣಕೈ ಮುಂದೆ ಬರುತ್ತದೆ, ಆಮೇಲೆ ಮುಂಗೈ, ಕೊನೆಗೆ ಮಣಿಕಟ್ಟು ಚಟಕ್ಕನೆ ಬಿಚ್ಚಿಕೊಳ್ಳುತ್ತದೆ. ಡಿಸ್ಕಿಗೆ ತಿರುಗು ಬರುವುದು ಈ ಕೊನೆಯ ಚಟಕ್ಕಿನಲ್ಲಿ. ಕೈಯನ್ನು ದೊಡ್ಡ ಸುತ್ತು ತಿರುಗಿಸಿ ಎಸೆಯುವವರಿಗೆ ಇದು ಸಿಗುವುದೇ ಇಲ್ಲ. ಎಸೆದ ಮೇಲೆ ಕೈ ನಿಲ್ಲಿಸಬೇಡಿ, ಅದರ ಪಾಡಿಗೆ ಹಿಂದಕ್ಕೆ ಸುತ್ತಿಕೊಳ್ಳಲಿ, ಇಲ್ಲದಿದ್ದರೆ ಭುಜ ನೋಯುತ್ತದೆ.

ಹೊಸಬರ ಡಿಸ್ಕ್ ಹೆಚ್ಚಾಗಿ ಮೂಗೆತ್ತಿಕೊಂಡು ಹೋಗುತ್ತದೆ. ಮುಂದಿನ ಅಂಚು ಮೇಲೆದ್ದರೆ ಡಿಸ್ಕ್ ಆಕಾಶಕ್ಕೆ ಏರಿ, ಅಲ್ಲೇ ನಿಂತು, ಎಡಕ್ಕೆ ಜಾರಿ ಬೀಳುತ್ತದೆ. ದೂರ ಹೋಗಲಿ ಅಂತ ಮೇಲಕ್ಕೆ ಎಸೆಯುವುದೇ ಇದಕ್ಕೆ ಕಾರಣ. ಎದೆಯ ಎತ್ತರದಲ್ಲೇ ಎಸೆಯಿರಿ, ನೆಲಕ್ಕೆ ಸಮಾನಾಂತರವಾಗಿ. ಬೇಕಿದ್ದರೆ ಗೆಳೆಯರ ಕೈಲಿ ಬದಿಯಿಂದ ಮೊಬೈಲ್‌ನಲ್ಲಿ ವಿಡಿಯೋ ಮಾಡಿಸಿ ನೋಡಿ, ಡಿಸ್ಕ್ ಕೈ ಬಿಡುವ ಹೊತ್ತಿಗೆ ಮೂಗು ಮೇಲಿದೆಯೋ ಕೆಳಗಿದೆಯೋ ಗೊತ್ತಾಗುತ್ತದೆ. ಓಡಿ ಬಂದು ಎಸೆಯುವುದು ಯೂಟ್ಯೂಬ್‌ನಲ್ಲಿ ಕಾಣುತ್ತದೆ. ಅದು ಆಮೇಲೆ. ನಿಂತಲ್ಲಿಂದಲೇ ಎಸೆಯಿರಿ.

ಜೋರು ಬೇಡ ಅಂತ ನಾನು ಎಷ್ಟು ಹೇಳಿದರೂ ನಮ್ಮ ಹುಡುಗರು ಕೇಳುತ್ತಿರಲಿಲ್ಲ. ಒಂದು ಮುಂಜಾನೆ ವಾಕಿಂಗ್ ಬಂದಿದ್ದ ಹಿರಿಯರೊಬ್ಬರು ಕೈ ಹಿಂದೆ ಕಟ್ಟಿಕೊಂಡು ಬಹಳ ಹೊತ್ತು ನೋಡಿದರು. "ಏನ್ ತಮ್ಮಾ, ತಾಟು ಒಗ್ಯಾಕ ಹತ್ತೀರಿ?" ಅಂದರು. "ಆಟ ರೀ ಕಾಕಾ. ನೀವೂ ಒಂದು ಒಗೀರಿ" ಅಂತ ಡಿಸ್ಕ್ ಕೊಟ್ಟೆ. ಧೋತ್ರದ ಚುಂಗು ಸೊಂಟಕ್ಕೆ ಸಿಕ್ಕಿಸಿ, ನಿಂತಲ್ಲೇ, ಒಂದಿಷ್ಟೂ ಅವಸರ ಮಾಡದೆ ಎಸೆದರು. ಡಿಸ್ಕ್ ಎದೆಯೆತ್ತರದಲ್ಲೇ ತೇಲಿಕೊಂಡು ಹೋಗಿ ಮರದ ಹತ್ತಿರ ಮೆತ್ತಗೆ ಕೂತಿತು. ಹುಡುಗರು ಬಾಯಿ ಬಿಟ್ಟುಕೊಂಡು ನೋಡಿದರು. "ಇದರಾಗೇನದ?" ಅಂದು ಕಾಕಾ ಚಪ್ಪಲಿ ಸರಿ ಮಾಡಿಕೊಂಡು ಹೊರಟೇಬಿಟ್ಟರು. ಅವತ್ತಿನಿಂದ ಹುಡುಗರಿಗೆ ನಾನು ಬೇರೆ ಪಾಠ ಹೇಳಬೇಕಾಗಲಿಲ್ಲ.

ಬುಟ್ಟಿಯಿಂದ 10 ಮೀಟರ್ ಒಳಗೆ ಬಂದರೆ ಆಟ ಬೇರೆ. ನಿಯಮವೂ ಬೇರೆ: ಅಲ್ಲಿ ಎಸೆದ ಮೇಲೆ ತೂಕ ತಪ್ಪಿ ಮುಂದಕ್ಕೆ ಬೀಳಬಾರದು, ಸ್ಥಿರವಾಗಿ ನಿಂತು ತೋರಿಸಿದ ಮೇಲೆಯೇ ಮುಂದೆ ಹೆಜ್ಜೆ ಇಡಬೇಕು. ಒಂದು ಕಾಲು ಮುಂದೆ, ಒಂದು ಹಿಂದೆ. ಭಾರವನ್ನು ಹಿಂದಿನ ಕಾಲಿನಿಂದ ಮುಂದಿನ ಕಾಲಿಗೆ ತರುತ್ತಾ, ಸೊಂಟದ ಹತ್ತಿರದಿಂದ ಡಿಸ್ಕನ್ನು ನೇರ ಮುಂದಕ್ಕೆ ಬಿಡಿ. ಕೈ ಚಾಚಿ ಬುಟ್ಟಿಯ ಕಡೆ ಬೆರಳು ತೋರಿಸುತ್ತಾ ನಿಲ್ಲಲಿ. ಇಡೀ ಬುಟ್ಟಿಯನ್ನು ನೋಡಬೇಡಿ. ಒಂದೇ ಒಂದು ಸರಪಳಿಯ ಕೊಂಡಿ ಆರಿಸಿ ಅದನ್ನೇ ನೋಡಿ. ಎದುರು ಗಾಳಿ ಇದ್ದರೆ ಕೊಂಡಿ ಸ್ವಲ್ಪ ಕೆಳಗಿನದು, ಹಿಂದಿನ ಗಾಳಿ ಇದ್ದರೆ ಮೇಲಿನದು.

ಎಲ್ಲರೂ ದೂರ ಎಸೆಯುವುದನ್ನೇ ಅಭ್ಯಾಸ ಮಾಡುತ್ತಾರೆ. ಆದರೆ ಸ್ಕೋರು ಹಾಳಾಗುವುದು ಇಲ್ಲಿ. ಆರು ಹೆಜ್ಜೆ ದೂರದಿಂದ ತಪ್ಪಿಸಿಕೊಂಡ ಒಂದು ಎಸೆತಕ್ಕೂ 50 ಮೀಟರಿನ ಎಸೆತಕ್ಕೂ ಲೆಕ್ಕದಲ್ಲಿ ಬೆಲೆ ಒಂದೇ. ಮನೆಯ ಮಾಳಿಗೆ ಮೇಲೆ ಒಂದು ಬಕೆಟ್ ಇಟ್ಟುಕೊಂಡು ಸಂಜೆ ಅರ್ಧ ಗಂಟೆ ಹಾಕಿದರೆ ಕೆರೆಗೆ ಹೋಗದೆಯೂ ಇದು ಸುಧಾರಿಸುತ್ತದೆ. ಮಾಳಿಗೆಗೆ ಗೋಡೆ ಇರಲಿ ಅಷ್ಟೇ. ಮತ್ತೆ, ಬುಟ್ಟಿಯ ಹಿಂದೆಯೇ ನೀರಿದ್ದು ನೀವು ದೂರದಲ್ಲಿದ್ದರೆ ಸರಪಳಿಗೆ ಹೊಡೆಯಲು ಹೋಗಬೇಡಿ, ಬುಟ್ಟಿಯ ಬುಡಕ್ಕೆ ಇಳಿಸಿ ಮುಂದಿನದರಲ್ಲಿ ಮುಗಿಸಿ.

ನೀರು, ಜಾಲಿ, ಎಮ್ಮೆ

ನಿಯಮ ಪೂರ್ತಿ ಓದಬೇಕೆಂದಿಲ್ಲ. ಕೆರೆ ಪಾರ್ಕಿನಲ್ಲಿ ಬೇಕಾಗುವವು ಇಷ್ಟೇ. ಡಿಸ್ಕ್ ನೀರಿಗೆ ಬಿದ್ದರೆ ಒಂದು ಎಸೆತ ದಂಡ. ಅದು ದಂಡೆಯನ್ನು ಎಲ್ಲಿ ದಾಟಿತೋ ಆ ಜಾಗದಿಂದ ಒಂದು ಮೀಟರ್ ಒಳಗೆ ಬಂದು ಮುಂದಿನದು ಎಸೆಯಬಹುದು. ಡಿಸ್ಕ್ ಕಳೆದು ಹೋದರೆ ಹುಡುಕಲು 3 ನಿಮಿಷ. ಸಿಗದಿದ್ದರೆ ಒಂದು ದಂಡ, ಹಿಂದೆ ಎಲ್ಲಿಂದ ಎಸೆದಿದ್ದಿರೋ ಅಲ್ಲಿಗೇ ವಾಪಸ್. ಮೊದಲ ಎಸೆತ ಹಿಂದಿನ ಹೋಲ್‌ನಲ್ಲಿ ಕಡಿಮೆ ಮಾಡಿದವರದು, ಆಮೇಲೆ ಬುಟ್ಟಿಯಿಂದ ಯಾರು ದೂರವೋ ಅವರು ಮೊದಲು. ಡಿಸ್ಕ್ ಬಿದ್ದಲ್ಲಿ ಅದರ ಮುಂದೆ ಒಂದು ಸಣ್ಣ ಗುರುತು ಇಟ್ಟು, ಡಿಸ್ಕ್ ಎತ್ತಿಕೊಂಡು, ಗುರುತಿನ ಹಿಂದೆ ಕಾಲಿಟ್ಟು ಎಸೆಯಬೇಕು. ಮಿನಿ ಅಂತ ಪುಟ್ಟ ಡಿಸ್ಕ್ ಇದಕ್ಕೇ ಸಿಗುತ್ತದೆ, ಮನೆಯಾಟಕ್ಕೆ ಡಬ್ಬಿಯ ಮುಚ್ಚಳ ಸಾಕು.

ಬಳ್ಳಾರಿ ಜಾಲಿ ನಮ್ಮ ಕೆರೆಗಳ ಕಾವಲುಗಾರ. ಡಿಸ್ಕ್ ಅದರೊಳಗೆ ಹೋದರೆ ಶೂರತನ ಬೇಡ. ಆ ಮುಳ್ಳು ಹವಾಯಿ ಚಪ್ಪಲಿಯ ಅಟ್ಟೆಯನ್ನು ತೂರಿ ಕಾಲಿಗೆ ಬರುತ್ತದೆ, ಒಳಗೇ ಮುರಿದರೆ ವಾರಗಟ್ಟಲೆ ಕುಂಟಬೇಕು. ಬೂಟು ಹಾಕಿಕೊಂಡೇ ಬನ್ನಿ, ಉದ್ದ ಕೋಲಿನಿಂದ ಡಿಸ್ಕ್ ಎಳೆದುಕೊಳ್ಳಿ. ಅಲ್ಲಿಂದ ಎಸೆಯಲು ಆಗದಿದ್ದರೆ ನಿಯಮದಲ್ಲೇ ದಾರಿ ಇದೆ: ಒಂದು ಎಸೆತ ದಂಡ ಒಪ್ಪಿಕೊಂಡು, ಬುಟ್ಟಿ ಮತ್ತು ಡಿಸ್ಕಿನ ನೇರ ಗೆರೆಯಲ್ಲೇ ಎಷ್ಟು ಬೇಕಾದರೂ ಹಿಂದೆ ಸರಿದು ಎಸೆಯಬಹುದು. ಅದೇ ಡಿಸ್ಕಿನ ಪಕ್ಕದಲ್ಲಿ ಎಮ್ಮೆ ಮಲಗಿದ್ದರೆ ದಂಡವೇ ಇಲ್ಲ. ಅಪಾಯದ ಪ್ರಾಣಿ, ಜೇನು, ಮಳೆನೀರಿನ ಕುಂಟೆ, ಜನ, ಇವೆಲ್ಲ ಅಡ್ಡ ಬಂದರೆ ಬುಟ್ಟಿಯಿಂದ ದೂರಕ್ಕೆ 5 ಮೀಟರ್ ತನಕ ಪುಕ್ಕಟೆ ಸರಿಯಬಹುದು. ಎಮ್ಮೆ ಅಪಾಯದ ಪ್ರಾಣಿ ಹೌದೋ ಅಲ್ಲವೋ ಅಂತ ನಮ್ಮಲ್ಲಿ ಜಗಳ ಆಗಿದೆ. ಮಲಗಿದ್ದರೆ ಹೌದು ಅಂತ ಕೊನೆಗೆ ತೀರ್ಮಾನವಾಯಿತು, ಯಾಕಂದರೆ ಎಬ್ಬಿಸುವವರು ಯಾರು?

ಒಂದು ಮಾತು ಮಾತ್ರ ತಮಾಷೆಯಲ್ಲ. ಡಿಸ್ಕಿಗಾಗಿ ಕೆರೆಗೆ ಇಳಿಯಬೇಡಿ. ಹೂಳೆತ್ತಿದ ಕೆರೆಗಳಲ್ಲಿ ದಂಡೆಯಿಂದ ಎರಡೇ ಹೆಜ್ಜೆಗೆ ಆಳ ಗುಂಡಿ ಇರುತ್ತದೆ, ಹೂಳೆತ್ತದ ಕೆರೆಗಳಲ್ಲಿ ಕಾಲು ಮೊಣಕಾಲಿನ ತನಕ ಹುಗಿಯುತ್ತದೆ. ಈಜು ಬಂದರೂ ಅಷ್ಟೇ. ಕೋಲಿಗೆ ಬಲೆ ಕಟ್ಟಿ ದಂಡೆ ಮೇಲೆ ನಿಂತು ಸಿಗುವಷ್ಟು ಪ್ರಯತ್ನಿಸಿ, ಸಿಗದಿದ್ದರೆ ಬಿಡಿ. ಮಕ್ಕಳು ಜೊತೆಗಿದ್ದರೆ ಇದನ್ನು ಆಟ ಶುರುವಾಗುವ ಮೊದಲೇ ಕೂರಿಸಿ ಹೇಳಿ. ಡಿಸ್ಕಿನ ಒಳಬದಿಗೆ ಮಾರ್ಕರ್‌ನಲ್ಲಿ ಹೆಸರು, ಫೋನ್ ನಂಬರ್ ಬರೆದಿಡಿ. ಬೇಸಿಗೆಯಲ್ಲಿ ನೀರು ಇಳಿದಾಗ ದನ ಕಾಯುವವರ ಕೈಗೆ ಸಿಕ್ಕರೂ ಸಿಗಬಹುದು.

ಪಾರ್ಕು ನಮ್ಮ ಸ್ವಂತದ್ದಲ್ಲ. ನಗರಸಭೆಯೋ ಪಂಚಾಯಿತಿಯೋ, ಯಾರ ಉಸ್ತುವಾರಿ ಇದೆಯೋ ಅವರನ್ನು ಕೇಳಿ, ಅಲ್ಲಿನ ಕಾವಲುಗಾರರಿಗೂ ಹೇಳಿ. ಕೋಟೆ, ಗುಡಿ, ಹಳೆಯ ಮಂಟಪದ ಹತ್ತಿರ ಹೋಲ್ ಹಾಕಬೇಡಿ. ಡಿಸ್ಕ್ ಗಾಳಿಯಲ್ಲಿ ಹಗುರ ಕಾಣುತ್ತದೆ, ಆದರೆ 170 ಗ್ರಾಂ ಗಟ್ಟಿ ಪ್ಲಾಸ್ಟಿಕ್ಕಿನ ಅಂಚು ಕಿವಿಯ ಹತ್ತಿರ ಬಡಿದರೆ ಹೊಲಿಗೆ ಬೀಳುತ್ತದೆ. ವಾಕಿಂಗ್ ಹಾದಿಯನ್ನು ದಾಟಿ ಹೋಗುವ ಹೋಲ್ ಬೇಡವೇ ಬೇಡ. ಹಾದಿಯ ಪಕ್ಕದಲ್ಲಿ ಸಾಗುವ ಹೋಲ್ ಆದರೆ ಜನ ಪೂರ್ತಿ ದಾಟಿ ಹೋಗುವ ತನಕ ಕಾಯಿರಿ, ಅವ್ವಂದಿರು ನಿಂತು ಮಾತಾಡುತ್ತಿದ್ದರೆ ಮುಗಿಯುವ ತನಕವೂ ಕಾಯಿರಿ. ಡಿಸ್ಕ್ ದಾರಿ ತಪ್ಪಿತು ಅಂದರೆ ನಾಚಿಕೆ ಬಿಟ್ಟು ಕೂಗಿ. ಅಮೆರಿಕದವರು "ಫೋರ್" ಅಂತಾರೆ. ನಮ್ಮಲ್ಲಿ "ತಲೀ ತಲೀ" ಅಂದರೆ ಎಲ್ಲರೂ ಬಗ್ಗುತ್ತಾರೆ.

ಆಟಕ್ಕೆ ಹೊತ್ತು ಬೆಳಿಗ್ಗೆ ಆರರಿಂದ ಎಂಟು. ಏಪ್ರಿಲ್, ಮೇ ತಿಂಗಳಲ್ಲಿ ಒಂಬತ್ತಾದ ಮೇಲೆ ಬಯಲಲ್ಲಿ ನಿಲ್ಲುವುದೇ ಕಷ್ಟ. ಆ ದಿನಗಳಲ್ಲಿ ಡಿಸ್ಕನ್ನು ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಡಬೇಡಿ, ಅಗ್ಗದ ಪ್ಲಾಸ್ಟಿಕ್ ಮೆತ್ತಗಾಗಿ ಸೊಟ್ಟಾಗುತ್ತದೆ. ಮಳೆ ಬಿದ್ದ ಮೇಲೆ ಎರೆಮಣ್ಣಿನ ದಂಡೆ ಇದ್ದರೆ ಆಡಲು ಹೋಗಲೇಬೇಡಿ, ಬೂಟಿಗೆ ಒಂದೊಂದು ಕಿಲೋ ಮಣ್ಣು ಅಂಟಿಕೊಂಡು ಎಸೆಯುವಾಗ ಕಾಲು ಜಾರುತ್ತದೆ. ಒಂದು ಹಳೆಯ ಟವೆಲ್ ಚೀಲದಲ್ಲಿರಲಿ, ಇಬ್ಬನಿಗೆ ಒದ್ದೆಯಾದ ಡಿಸ್ಕ್ ಕೈಯಲ್ಲಿ ನಿಲ್ಲುವುದಿಲ್ಲ.

ಸ್ಕೋರು ಬರೆಯಲು ಯುಡಿಸ್ಕ್ ಅಂತ ಒಂದು ಆ್ಯಪ್ ಇದೆ, ಬೇರೆ ಊರಿಗೆ ಹೋದಾಗ ಅಲ್ಲಿ ಕೋರ್ಸ್ ಇದೆಯಾ ಅಂತಲೂ ಅದರಲ್ಲಿ ಹುಡುಕಬಹುದು. ಹಾಳೆ ಪೆನ್ನು ಇದ್ದರೂ ಆಗುತ್ತದೆ. ಹೊಸಬರು, ಹಳಬರು, ಮಕ್ಕಳು ಎಲ್ಲ ಸೇರಿದ್ದರೆ ಜೋಡಿಯಾಗಿ ಆಡಿ: ಇಬ್ಬರೂ ಎಸೆಯುವುದು, ಎರಡರಲ್ಲಿ ಒಳ್ಳೆಯದನ್ನು ಆರಿಸಿ ಅಲ್ಲಿಂದ ಮತ್ತೆ ಇಬ್ಬರೂ ಎಸೆಯುವುದು. ಒಬ್ಬರದು ಕೆರೆ ಕಡೆ ಹೋದರೂ ಇನ್ನೊಬ್ಬರದು ಉಳಿಯುತ್ತದೆ, ಯಾರಿಗೂ ಬೇಜಾರಿಲ್ಲ. ಚೆನ್ನಾಗಿ ಆಡುವವರನ್ನು ಹೊಸಬರ ಜೊತೆ ಹಾಕಿ, ಇಬ್ಬರು ಹಳಬರು ಒಂದೇ ಕಡೆ ಸೇರಿದರೆ ಆಟ ಎರಡನೇ ಹೋಲ್‌ಗೇ ಮುಗಿದ ಹಾಗೆ. ಸೋತ ಜೋಡಿ ಒಗ್ಗರಣೆ ಮಿರ್ಚಿ ಕೊಡಿಸಬೇಕು ಅನ್ನುವುದು ನಮ್ಮ ನಿಯಮ, ಪಿಡಿಜಿಎ ಪುಸ್ತಕದಲ್ಲಿ ಇಲ್ಲ. ಎಂಟೂವರೆ ದಾಟಿಸಬೇಡಿ, ಬಿಸಿ ಮಿರ್ಚಿ ಮುಗಿದಿರುತ್ತದೆ.